ಮನೇಲಿ ಹೇಳಿ ಬಂದಿದ್ದೀಯಾ?

ಬೆಂಗಳೂರಿನಲ್ಲಿ ಸೈಕಲ್ ತುಳಿಯುವ ಯಾರೇ ಆಗಲಿ, ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಸಿಕೊಂಡಿರುತ್ತಾರೆ. ಕಾರಿನ ಕಿಟಕಿ ಅರ್ಧ ಇಳಿಯುತ್ತದೆ, ಮಾತು ಬೀಳುತ್ತದೆ, ಕಿಟಕಿ ಏರುತ್ತದೆ. "ರೋಡ್ ನಿಮ್ಮಪ್ಪಂದಾ?", "ಸೈಡಿಗೆ ಸಾಯೋ", "ಪಾರ್ಕಲ್ಲಿ ಓಡಿಸ್ಕೋ ಹೋಗು" ಇವೂ ಅದೇ ಬಳಗದವು. ಬರೀ ಮಾತಾದರೆ ಎರಡು ಸಿಗ್ನಲ್ ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ಮಾತಿನ ಜೊತೆಗೆ ಬೇಕಂತಲೇ ಮೊಣಕೈಗೆ ತಾಗುವಷ್ಟು ಹತ್ತಿರ ಕಟ್ ಹೊಡೆದುಕೊಂಡು ಹೋದರೆ ಅದು ಜೀವದ ಪ್ರಶ್ನೆಯಾಗುತ್ತದೆ.

ನಾನು ಸೈಕಲ್ ಕಲಿತದ್ದು ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಮೊದಮೊದಲಲ್ಲಿ ಆ ಸೈಕಲ್ ಪಡೆದ ಹುಡುಗಿಯರಲ್ಲಿ ನಾನೂ ಒಬ್ಬಳು. ಕಬ್ಬಿನ ಲಾರಿ, ಟ್ರ್ಯಾಕ್ಟರ್‌ಗಳ ನಡುವೆ ಹೈಸ್ಕೂಲಿಗೆ ಹೋಗಿಬರುತ್ತಲೇ ದೊಡ್ಡ ಗಾಡಿಯ ಪಕ್ಕ ಸಣ್ಣ ಗಾಡಿ ಹೇಗೆ ಬದುಕಬೇಕು ಎಂಬುದರ ಅಕ್ಷರಾಭ್ಯಾಸವಾಯಿತು. ಈಗ ವಿಜಯನಗರದ ಮನೆಯಿಂದ ನಗರದ ನಡುಭಾಗದ ಕಚೇರಿಗೆ ಸೈಕಲ್‌ನಲ್ಲೇ ಓಡಾಟ. ಭಾನುವಾರ ಬೆಳಿಗ್ಗೆ, ರಸ್ತೆಗಿಳಿಯಲು ಹೆದರುವ ನೆರೆಹೊರೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸುತ್ತೇನೆ.

ಕೆಳಗಿನ ಪಾಠಗಳು ಆ ಓಡಾಟದವು. ಅವಕ್ಕೆ ನಾನೇ ಒಂದು ಪರೀಕ್ಷೆ ಇಟ್ಟಿದ್ದೇನೆ. ರಾತ್ರಿ ಕ್ಯಾರಿಯರ್‌ಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು, ಬೆಳಗಿನ ಜಾವ ಪೇಪರ್ ಹಾಕುವ ಹುಡುಗರು, ಪಾಳಿ ಮುಗಿಸಿ ಹೊರಡುವ ಸೆಕ್ಯೂರಿಟಿ ಗಾರ್ಡುಗಳು, ಬಾರಿಗೆ ಕರಣೆ-ಮಟ್ಟಗೋಲು ಸಿಕ್ಕಿಸಿಕೊಂಡ ಗಾರೆಯವರು, ಇವರಿಗೂ ಕೆಲಸಕ್ಕೆ ಬಾರದ ಪಾಠ ಪಾಠವೇ ಅಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ 4,800ಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ನಮ್ಮ ರಸ್ತೆಗಳಲ್ಲಿ ಸೈಕಲ್ ಮೇಲೆ ಯಾರಿರುತ್ತಾರೆ ಎಂದು ಕಣ್ಣಾರೆ ಕಂಡವರಿಗೆ, ಆ ಲೆಕ್ಕದಲ್ಲಿ ಹೆಚ್ಚಿನವರು ಯಾರಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

1. ಹಾರ್ನ್ ಕೇಳಿದಾಗ ಹ್ಯಾಂಡಲ್ ಅಲ್ಲಾಡಬಾರದು

ಹೊಸಬರು ಮೊದಲು ಹೆದರುವುದು ಹಾರ್ನ್‌ಗೆ. ಆದರೆ ನಮ್ಮಲ್ಲಿ ಬಹುಪಾಲು ಹಾರ್ನ್ ಬೈಗುಳವಲ್ಲ. ಚಿಕ್ಕದಾಗಿ ಎರಡು ಸಲ ಸದ್ದಾದರೆ "ಹಿಂದೆ ಬರ್ತಿದ್ದೀನಿ, ನೀನು ಹಾಗೇ ಹೋಗು" ಎಂದಷ್ಟೆ. ಅದನ್ನು ಉಪಕಾರವೆಂದೇ ತಿಳಿಯಬೇಕು. ಒತ್ತಿದ ಕೈ ಎತ್ತದೆ ಬೆನ್ನ ಹಿಂದೆಯೇ ಬರುವ ಉದ್ದ ಹಾರ್ನ್ ದಬ್ಬಾಳಿಕೆ. ಕೆಲವು ವಾರಗಳಲ್ಲಿ ಕಿವಿ ಎರಡನ್ನೂ ಬೇರ್ಪಡಿಸಿಕೊಳ್ಳುತ್ತದೆ.

ಎರಡಕ್ಕೂ ಮಾಡಬೇಕಾದದ್ದು ಒಂದೇ, ನೇರ ಹೋಗುವುದು. ಬೆಚ್ಚಿ ಎಡಕ್ಕೆ ಎಳೆದವರೇ ಬೀಳುವುದು. ಎಡಕ್ಕೆ ಮೋರಿಯ ಜಾಲರಿ ಇರುತ್ತದೆ, ಜಲ್ಲಿ ಇರುತ್ತದೆ, ಟಾರು ಮುಗಿದು ನಾಲ್ಕು ಬೆರಳು ತಗ್ಗಿದ ಅಂಚಿರುತ್ತದೆ. ದಾರಿ ಬಿಡಬೇಕು ಅನಿಸಿದರೆ ಬಿಡಿ, ಆದರೆ ಅದಕ್ಕೆ ತಕ್ಕ ಜಾಗವನ್ನು ನೀವೇ ನೋಡಿಕೊಂಡು ಬಿಡಿ. ಬಹುಸ್ವರದ ಕರ್ಕಶ ಹಾರ್ನ್‌ಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ನಿಷೇಧಿಸಿದೆ. ಹಾಗಿದ್ದೂ ಟಿಪ್ಪರ್‌ಗಳಲ್ಲಿ, ದೂರ ಪ್ರಯಾಣದ ಬಸ್ಸುಗಳಲ್ಲಿ ಅವು ಮೊಳಗುತ್ತಲೇ ಇವೆ. ಸೈಕಲ್ ಮೇಲಿರುವವರಿಗೂ ಆ ಸದ್ದಿಗೂ ನಡುವೆ ಗಾಜಿಲ್ಲ, ತಗಡಿಲ್ಲ. ಎದೆ ಝಲ್ಲೆನ್ನುವುದು ಸಹಜ. ಕೈ ಮಾತ್ರ ನಡುಗದಂತೆ ಅಭ್ಯಾಸ ಮಾಡಬೇಕು.

2. ಅಂಚಿಗೆ ಒತ್ತಿಕೊಂಡಷ್ಟೂ ಅಪಾಯ ಹೆಚ್ಚು

ಇದು ಎಲ್ಲಕ್ಕಿಂತ ದೊಡ್ಡ ಪಾಠ, ನಂಬಿಸಲು ಎಲ್ಲಕ್ಕಿಂತ ಕಷ್ಟವಾದದ್ದು ಕೂಡ. ಊರಲ್ಲಿ ನಮಗೆಲ್ಲ ಹೇಳಿಕೊಟ್ಟದ್ದು "ಆದಷ್ಟೂ ಸೈಡಲ್ಲಿ ಹೋಗಮ್ಮಾ" ಎಂದು. ಹೇಳಿದವರ ಪ್ರೀತಿ ದೊಡ್ಡದು. ಆದರೆ ತೀರಾ ಅಂಚಿಗೆ ಹೋದ ಸೈಕಲ್‌ಗೆ ಎರಡು ಕಡೆಯಿಂದ ಗಂಡಾಂತರ. ಒಂದು, ಅಂಚಿನಲ್ಲೇ ಗುಂಡಿ, ಮರಳು, ಮ್ಯಾನ್‌ಹೋಲ್ ಮುಚ್ಚಳ, ನಿಂತ ಕಾರುಗಳ ಬಾಗಿಲು. ಇನ್ನೊಂದು, ನೀವು ಅಂಚಿಗೆ ಹೋದಷ್ಟೂ ಹಿಂದಿನ ಗಾಡಿಯವರಿಗೆ "ಇಷ್ಟು ಜಾಗ ಸಾಕು, ಇದೇ ಲೇನ್‌ನಲ್ಲಿ ನುಗ್ಗಬಹುದು" ಅನಿಸುತ್ತದೆ. ಅವರು ನುಗ್ಗುತ್ತಾರೆ, ಅದೇ ಹೊತ್ತಿಗೆ ನಿಮ್ಮ ಮುಂದೆ ಗುಂಡಿ ಬರುತ್ತದೆ, ತಪ್ಪಿಸಲು ಬಲಕ್ಕೆ ಜಾಗವೇ ಇರುವುದಿಲ್ಲ.

ನಾನು ಹೇಳಿಕೊಡುವ ಕ್ರಮ ಹೀಗೆ. ಸಾಮಾನ್ಯ ರಸ್ತೆಯಲ್ಲಿ ಅಂಚಿನಿಂದ ಒಂದು ಮೀಟರ್ ಒಳಗೆ, ಒಂದೇ ಗೆರೆಯಲ್ಲಿ ಹೋಗುವುದು. ನಿಂತ ಕಾರುಗಳ ಪಕ್ಕ ಹೋಗುವಾಗ ಪೂರ್ತಿ ತೆರೆದ ಬಾಗಿಲಿನಷ್ಟು ದೂರ ಇಟ್ಟುಕೊಳ್ಳುವುದು. ಎರಡು ಕಾರುಗಳ ನಡುವೆ ಖಾಲಿ ಸಿಕ್ಕಿತೆಂದು ಒಳಗೆ ಹೋಗಿ ಮತ್ತೆ ಹೊರಗೆ ಬರುವುದು ಬೇಡ, ಹಾಗೆ ಹಾವಿನ ನಡೆ ನಡೆದರೆ ಹಿಂದಿನವರಿಗೆ ಪ್ರತಿ ಸಲವೂ ನೀವು ಹೊಸದಾಗಿ ಎದುರಾಗುತ್ತೀರಿ. ರಸ್ತೆ ಕಿರಿದಾಗಿ ಒಂದೇ ಕಾರಿಗೆ ಸಾಲುವಷ್ಟಿದ್ದರೆ, ಕೆಳಸೇತುವೆಯ ಒಳಗೆ, ಮೆಟ್ರೊ ಕಾಮಗಾರಿಯ ತಗಡಿನ ಗೋಡೆಯ ಪಕ್ಕ, ಸೀದಾ ಲೇನಿನ ಮಧ್ಯಕ್ಕೆ ಬನ್ನಿ. ಬರುವ ಮೊದಲು ಹಿಂದೆ ತಿರುಗಿ ನೋಡಿ, ಬಲಗೈ ಚಾಚಿ, ಆಮೇಲೆ ಬನ್ನಿ. ಕಿರಿದು ಮುಗಿದ ಕೂಡಲೇ ಎಡಕ್ಕೆ ಸರಿದು ದಾರಿ ಕೊಡಿ. ಮಧ್ಯಕ್ಕೆ ಬಂದಾಗ ಹಾರ್ನ್ ಹೆಚ್ಚುತ್ತದೆ, ಬೈಗುಳವೂ ಹೆಚ್ಚಬಹುದು. ಆದರೆ ಬೈಯುವವರು ನಿಮ್ಮನ್ನು ಕಂಡಿದ್ದಾರೆ ಎಂಬುದಂತೂ ಖಚಿತ. ಕಾಣದೆ ಒರೆಸಿಕೊಂಡು ಹೋಗುವವರಿಗಿಂತ ಕಂಡು ಬೈಯುವವರು ವಾಸಿ.

ಬ್ರಿಟನ್ 2022ರ ಜನವರಿಯಲ್ಲಿ ತನ್ನ ಹೆದ್ದಾರಿ ಸಂಹಿತೆಯನ್ನು ತಿದ್ದಿ, ಸೈಕಲ್ ದಾಟುವಾಗ ಗಂಟೆಗೆ 30 ಮೈಲಿ ವೇಗದವರೆಗೆ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕು ಎಂದು ಬರೆಯಿತು. ಫ್ರಾನ್ಸಿನಲ್ಲಿ ಊರೊಳಗೆ ಒಂದು ಮೀಟರ್, ಹೊರಗೆ ಒಂದೂವರೆ. ನಮ್ಮ 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳು ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವೃದ್ಧರು, ಅಂಗವಿಕಲರ ಬಗ್ಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕು ಎನ್ನುತ್ತವೆ. ಎಚ್ಚರ ಎಂದರೆ ಎಷ್ಟು ಅಡಿ ಎಂದು ಹೇಳುವುದಿಲ್ಲ. ಅಳತೆ ಇಲ್ಲದ ಕಡೆ ಪೊಲೀಸರೂ ದಂಡ ಹಾಕಲಾರರು, ಚಾಲಕರೂ ಕಲಿಯಲಾರರು. ನಮಗೆ ಈ ಸಂಖ್ಯೆ ತುರ್ತಾಗಿ ಬೇಕು.

3. ಮುಖ ತೋರಿಸಿ

2019ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಒಂದು ಸಮೀಕ್ಷೆಯಿದೆ. ಸೈಕಲ್ ಸವಾರರನ್ನು ಪೂರ್ಣ ಮನುಷ್ಯರೆಂದು ಎಷ್ಟರ ಮಟ್ಟಿಗೆ ಕಾಣುತ್ತೀರಿ ಎಂಬುದನ್ನು ಚಿತ್ರಗಳ ಮೂಲಕ ಕೇಳಿದಾಗ, ಸೈಕಲ್ ತುಳಿಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ಣಕ್ಕಿಂತ ಕಡಿಮೆ ಅಂಕ ಕೊಟ್ಟರು. ಹಾಗೆ ಕಡಿಮೆ ಅಂಕ ಕೊಟ್ಟವರೇ, ಬೇಕಂತ ಅಡ್ಡಗಟ್ಟುವಂಥ ಕಿರುಕುಳಗಳನ್ನು ತಾವು ಮಾಡಿದ್ದಾಗಿ ಹೆಚ್ಚಾಗಿ ಹೇಳಿಕೊಂಡಿದ್ದರು. ಓದಿ ನನಗೆ ಆಶ್ಚರ್ಯವಾಗಲಿಲ್ಲ, ಸಂಕಟವಾಯಿತು. ಹಿಂದಿನಿಂದ ಬರುವವರಿಗೆ ನಾವು ಬರೀ ಬೆನ್ನು, ಒಂದು ಚಕ್ರ, ದಾರಿಗೆ ಅಡ್ಡ ಬಂದ ಒಂದು ವಸ್ತು.

ಅದಕ್ಕೇ ಹಿಂದೆ ತಿರುಗಿ ನೋಡುವುದನ್ನು ನಾನು ಮೊದಲ ಭಾನುವಾರವೇ ಕಲಿಸುತ್ತೇನೆ. ಹ್ಯಾಂಡಲ್‌ಗೆ ಕನ್ನಡಿ ಇದ್ದರೂ ಕತ್ತು ತಿರುಗಿಸಬೇಕು. ಎರಡು ಕ್ಷಣ ಚಾಲಕರ ಕಣ್ಣಿಗೆ ಕಣ್ಣು ಕೊಟ್ಟರೆ ಗಾಡಿ ಒಂದಿಷ್ಟು ಬಲಕ್ಕೆ ಸರಿಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ದಾರಿ ಬಿಟ್ಟವರಿಗೆ ಕೈ ಎತ್ತಿ ಧನ್ಯವಾದ ಹೇಳಿ. ಆಟೋದವರು ತಲೆಯಾಡಿಸಿ ಮರುಮಾತು ಕೊಡುವುದು ನನಗೆ ಈ ಊರಿನ ರಸ್ತೆಗಳಲ್ಲಿ ಅತ್ಯಂತ ಇಷ್ಟದ ವಿಷಯ. ಇದಕ್ಕೆ ಖರ್ಚಿಲ್ಲ, ಟೀ ಮಾರುವ ಅಣ್ಣನಿಗೂ ಆಗುತ್ತದೆ, ನನಗೂ ಆಗುತ್ತದೆ.

4. ಸೈಕಲ್‌ನ ಬೆಲೆ ನೋಡಿ ಬೈಗುಳ ಬೀಳುತ್ತದೆ

ಗೇರ್ ಸೈಕಲ್, ಹೆಲ್ಮೆಟ್, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್. ಹೀಗೆ ಹೋದರೆ ನನಗೆ ಬೀಳುವುದು "ಮೇಡಂ, ಸೈಡಿಗೆ ಹೋಗಿ". ದಿನಸಿಗೆಂದು ಪಕ್ಕದ ಮನೆಯ ಹಳೆಯ ಕ್ಯಾರಿಯರ್ ಸೈಕಲ್ ತೆಗೆದುಕೊಂಡು ಚಪ್ಪಲಿಯಲ್ಲಿ ಹೋದರೆ, ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಬಹುವಚನ ಮಾಯವಾಗುತ್ತದೆ. ಪಕ್ಕದಲ್ಲೇ ಹೋಗುತ್ತಿರುವ ಗಾರೆ ಕೆಲಸದವರಿಗೆ "ಲೇ" ಎಂದೇ ಶುರು. ಕಟ್ ಹೊಡೆಯುವ ಅಂತರದಲ್ಲೂ ಇದೇ ತಾರತಮ್ಯ ಕಾಣುತ್ತೇನೆ. ಮೋಟಾರಿನವರ ಸಿಟ್ಟಿನಲ್ಲಿ ಒಂದು ಪಾಲು ವೇಗದ ಕುರಿತಾದದ್ದು, ಒಂದು ಪಾಲು ಅಂತಸ್ತಿನದು. ಸೈಕಲ್ ಬಿಟ್ಟು ಬೈಕ್, ಬೈಕ್ ಬಿಟ್ಟು ಕಾರು ಎಂದು ಏಣಿ ಹತ್ತುವುದನ್ನೇ ಏಳಿಗೆ ಎಂದುಕೊಂಡ ಊರಿನಲ್ಲಿ, ಇನ್ನೂ ಸೈಕಲ್ ತುಳಿಯುತ್ತಿರುವವರು ಸೋತವರಂತೆ ಕಾಣುತ್ತಾರೆ. ಒಂದು ಕಾಲಕ್ಕೆ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳ ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲೇ ಇರುತ್ತಿತ್ತು ಎಂದು ನಮ್ಮ ಬಡಾವಣೆಯ ಹಿರಿಯರು ಹೇಳುತ್ತಾರೆ. ಆಗ ಆ ಕೆಲಸಗಳಿಗೂ ಗೌರವವಿತ್ತು, ಸೈಕಲ್‌ಗೂ ಇತ್ತು.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ 2006ರಲ್ಲಿ ತಮ್ಮ ಸೈಕಲ್‌ಗೆ ಅಂತರ ಅಳೆಯುವ ಉಪಕರಣ ಕಟ್ಟಿಕೊಂಡು ಎರಡು ಸಾವಿರಕ್ಕೂ ಹೆಚ್ಚು ಓವರ್‌ಟೇಕ್‌ಗಳನ್ನು ದಾಖಲಿಸಿದರು. ಹೆಲ್ಮೆಟ್ ಹಾಕಿದಾಗ ಗಾಡಿಗಳು ಸರಾಸರಿ ಎಂಟೂವರೆ ಸೆಂಟಿಮೀಟರ್ ಹತ್ತಿರ ಹಾದುಹೋದವು; ಉದ್ದ ಕೂದಲ ಟೋಪನ್ ಹಾಕಿಕೊಂಡು ಹಿಂದಿನಿಂದ ಹೆಂಗಸಿನಂತೆ ಕಂಡಾಗ ಹೆಚ್ಚು ಜಾಗ ಬಿಟ್ಟವು. ಆ ಅಂಕಿಗಳ ಅರ್ಥದ ಬಗ್ಗೆ ಆಮೇಲೆ ಸಾಕಷ್ಟು ವಾದವಾಯಿತು. ನಾನು ಹೆಲ್ಮೆಟ್ ಹಾಕಿಯೇ ಹೋಗುತ್ತೇನೆ, ಬಿದ್ದರೆ ತಲೆ ಉಳಿಯಲಿ ಎಂದು. ಆದರೆ ಚಾಲಕರು ನಮ್ಮ ವೇಷ ನೋಡಿ ಅಂತರ ಲೆಕ್ಕ ಹಾಕುತ್ತಾರೆ ಎಂಬ ಮಾತು ನನ್ನ ಅನುಭವಕ್ಕೆ ಪೂರ್ತಿ ಒಪ್ಪುತ್ತದೆ.

5. ಹೆಂಗಸರಿಗೆ ಇನ್ನೊಂದು ಪದರವಿದೆ

ಇಂಗ್ಲೆಂಡಿನಲ್ಲಿ ಹೆಂಗಸಿಗೆ ಹೆಚ್ಚು ಜಾಗ ಸಿಕ್ಕಿರಬಹುದು. ಇಲ್ಲಿ ಬೈಕಿನವರು ಪಕ್ಕದಲ್ಲೇ ಅದೇ ವೇಗದಲ್ಲಿ ಬರುತ್ತಾರೆ, ಏನೋ ಹೇಳುತ್ತಾರೆ, ಮುಂದೆ ಹೋಗಿ ನಿಂತು ಮತ್ತೆ ಸೇರಿಕೊಳ್ಳುತ್ತಾರೆ. ನನ್ನ ಜೊತೆ ಬರುವ ಹುಡುಗಿಯರಿಗೆ ಹೇಳುವುದಿಷ್ಟು. ಖಾಲಿ ಸರ್ವೀಸ್ ರಸ್ತೆಗೆ ತಿರುಗಬೇಡಿ, ಜನ ಇರುವ ರಸ್ತೆಯಲ್ಲೇ ಇರಿ. ನೇರ ಮನೆಗೆ ಹೋಗಬೇಡಿ, ಮನೆ ಎಲ್ಲಿದೆ ಎಂದು ತೋರಿಸಿಕೊಟ್ಟಂತಾಗುತ್ತದೆ. ಪೆಟ್ರೋಲ್ ಬಂಕ್, ಮೆಡಿಕಲ್ ಶಾಪ್, ದರ್ಶಿನಿ, ಬೆಳಕು ಮತ್ತು ಮಂದಿ ಇರುವ ಯಾವುದೇ ಜಾಗದಲ್ಲಿ ಇಳಿಯಿರಿ, ಗಟ್ಟಿಯಾಗಿ ಮಾತಾಡಿ, 112ಕ್ಕೆ ಕರೆ ಮಾಡಿ. ಬೈಕ್ ಒನ್‌ವೇ ವಿರುದ್ಧ ಸುಲಭವಾಗಿ ಬರಲಾರದು. ಸೈಕಲ್ ಇಳಿದು ಫುಟ್‌ಪಾತ್ ಮೇಲೆ ತಳ್ಳಿಕೊಂಡು ಬಂದ ದಾರಿಯಲ್ಲೇ ವಾಪಸ್ ನಡೆದರೆ ಅವರ ಬೆನ್ನಟ್ಟುವಿಕೆ ಅಲ್ಲಿಗೆ ನಿಲ್ಲುತ್ತದೆ.

6. "ನಾವು ರೋಡ್ ಟ್ಯಾಕ್ಸ್ ಕಟ್ತೀವಿ" ಎನ್ನುವವರಿಗೆ ಉತ್ತರ ಇಟ್ಟುಕೊಂಡಿರಿ

ಸಿಗ್ನಲ್‌ನಲ್ಲಿ ಹೇಳಲು ಹೊತ್ತಿರುವುದಿಲ್ಲ, ಕಚೇರಿಯ ಊಟದ ಮೇಜಿನಲ್ಲಿ ಇರುತ್ತದೆ. ವಾಹನ ತೆರಿಗೆ ಹೋಗುವುದು ರಾಜ್ಯದ ಖಜಾನೆಗೆ. ಅದು ರಸ್ತೆಯನ್ನು ಕೊಂಡ ರಸೀದಿಯಲ್ಲ. ಬಡಾವಣೆಯ ರಸ್ತೆಗಳಿಗೆ ಆಸ್ತಿ ತೆರಿಗೆಯ ಹಣವೂ ಬೀಳುತ್ತದೆ, ಸೋಪು, ಬಿಸ್ಕತ್ತು ಕೊಳ್ಳುವ ಪ್ರತಿಯೊಬ್ಬರೂ ಕಟ್ಟುವ ತೆರಿಗೆಯೂ ಬೀಳುತ್ತದೆ. ರಸ್ತೆ ಹಾಳಾಗುವ ಲೆಕ್ಕ ಇನ್ನೂ ಸ್ವಾರಸ್ಯದ್ದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಒಂದು ಸೂತ್ರ ಕಂಡುಕೊಂಡರು. ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಯ ಸವೆತ ಸುಮಾರಾಗಿ ಅದರ ನಾಲ್ಕನೇ ಘಾತದಂತೆ ಹೆಚ್ಚುತ್ತದೆ. ಸೈಕಲ್‌ನ ಒಂದು ಅಚ್ಚಿನ ಮೇಲೆ 50 ಕಿಲೊ, ಸಾಧಾರಣ ಕಾರಿನ ಒಂದು ಅಚ್ಚಿನ ಮೇಲೆ 600 ಕಿಲೊ ಎಂದಿಟ್ಟುಕೊಳ್ಳಿ. ಭಾರ ಹನ್ನೆರಡು ಪಟ್ಟು, ಸವೆತ 20,000 ಪಟ್ಟಿಗೂ ಹೆಚ್ಚು. ಗುಂಡಿ ಮಾಡುವವರು ಯಾರು, ಗುಂಡಿಗೆ ಬೀಳುವವರು ಯಾರು ಎಂದು ಕೇಳುವ ಹಕ್ಕು ನಮಗಿದೆ.

7. ಸ್ಟಿಯರಿಂಗ್ ಪಕ್ಕ ಕೂತು ನೋಡಬೇಕು

ನಮ್ಮ ಭಾವ ಟೆಂಪೊ ಓಡಿಸುತ್ತಾರೆ. ಮಾರುಕಟ್ಟೆಯಿಂದ ತರಕಾರಿ ಲೋಡು. ಒಂದು ಮುಂಜಾನೆ ಅವರ ಪಕ್ಕ ಕೂತು ಹೋದೆ. ಸೈಕಲ್ ಮೇಲಿಂದ ನನಗೆ ಕೊಬ್ಬು ಎಂದು ಕಾಣುತ್ತಿದ್ದ ಎಷ್ಟೋ ಸಂಗತಿಗಳು ಅಲ್ಲಿಂದ ಬೇರೆಯಾಗಿ ಕಂಡವು.

"ಯಾಕೆ ಭಾವ, ಅಷ್ಟೊಂದು ಹಾರ್ನ್ ಒತ್ತಿದ್ರಿ?" ಎಂದು ಕೇಳಿದೆ.

"ನೋಡಮ್ಮ, ಆ ಹುಡುಗ ಯಾವ ಕಡೆ ತಿರುಗ್ತಾನೆ ಅಂತ ನಂಗೇನ್ ಗೊತ್ತು? ಲೋಡ್ ಗಾಡಿ, ಬ್ರೇಕ್ ಹಾಕಿದ ತಕ್ಷಣ ನಿಲ್ಲಲ್ಲ. ಭಯಕ್ಕೇ ಒತ್ತೋದು."

ಆಮೇಲೆ ಅವರೇ ಹೇಳಿದ ಇನ್ನೊಂದು ಮಾತು: ಲೋಡು ತಡವಾದರೆ ಮಂಡಿಯವರ ಬೈಗುಳ ಅವರಿಗೆ ಬೀಳುತ್ತದೆ. ಬೆಳಗಿನಿಂದ ಬೈಸಿಕೊಂಡು ಬಂದವರಿಗೆ ರಸ್ತೆಯ ಮೇಲೆ ತಮಗಿಂತ ಚಿಕ್ಕವರು ಸಿಗುವುದು ಸೈಕಲ್‌ನವರೇ. ಅದನ್ನು ಕ್ಷಮಿಸಿ ಎಂದು ನಾನು ಹೇಳುತ್ತಿಲ್ಲ. ಸಿಟ್ಟು ಎಲ್ಲಿಂದ ಹೊರಟು ಎಲ್ಲಿಗೆ ಇಳಿಯುತ್ತಿದೆ ಎಂದು ತಿಳಿದರೆ ಎದುರಿಸುವ ಬಗೆ ಬದಲಾಗುತ್ತದೆ. ಕೈ ಸನ್ನೆಯ ವಿಷಯದಲ್ಲಿ ನಾನು ಇಷ್ಟು ಹಟ ಮಾಡುವುದು ಆ ದಿನದಿಂದ. ತಿರುಗುವ ಮೊದಲು ಕೈ ಚಾಚಿದರೆ ಭಾವನಂಥವರ ಅರ್ಧ ಭಯ ಹೋಗುತ್ತದೆ, ಭಯದ ಜೊತೆಗೆ ಅರ್ಧ ಹಾರ್ನೂ ಹೋಗುತ್ತದೆ.

ಅವರ ಕನ್ನಡಿಯಲ್ಲಿ ಎಡ ಮಗ್ಗುಲು ಎಷ್ಟು ಕಡಿಮೆ ಕಾಣುತ್ತದೆ ಎಂಬುದೂ ಅಂದೇ ಗೊತ್ತಾಯಿತು. ಟೆಂಪೊಗೇ ಹಾಗಿದ್ದರೆ ಬಸ್ಸು, ಲಾರಿಗಳ ಪಾಡೇನು? ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುತ್ತಿಲ್ಲ. ಸಿಗ್ನಲ್‌ನಲ್ಲಿ ನಿಂತ ದೊಡ್ಡ ಗಾಡಿಯ ಎಡಕ್ಕೆ ನುಸುಳಬೇಡಿ, ಅದು ಎಡಕ್ಕೆ ತಿರುಗಿದರೆ ಹಿಂಗಾಲಿ ಒಳಗೆ ಎಳೆದುಕೊಳ್ಳುತ್ತದೆ. ಸ್ಟಾಪಿನ ಕಡೆಗೆ ವಾಲುತ್ತಿರುವ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಎಂದೂ ಹೋಗಬೇಡಿ. ಹಿಂದೆಯೇ ನಿಲ್ಲಿ. ಅರ್ಧ ನಿಮಿಷದ ಮಾತು.

8. ಕಾರಿರುವ ನೆಂಟರಿಗೆ ಎಡಗೈ ಅಭ್ಯಾಸ ಮಾಡಿಸಿ

ಚಿಕ್ಕ ಪಾಠ, ದೊಡ್ಡ ಉಪಯೋಗ. ಚಾಲಕರು ತಮ್ಮ ಬಲಬದಿಯ ಬಾಗಿಲನ್ನು ಎಡಗೈಯಿಂದ ತೆರೆದರೆ ಮೈ ತಾನಾಗಿ ತಿರುಗಿ ಕಣ್ಣು ಹಿಂದಿನ ರಸ್ತೆಗೆ ಹೋಗುತ್ತದೆ. ಎಡಬದಿಯಲ್ಲಿ ಕೂತವರು ಬಲಗೈ ಬಳಸಬೇಕು. ನೆದರ್‌ಲೆಂಡ್ಸ್‌ನಲ್ಲಿ ರೂಢಿಯಲ್ಲಿರುವ ಈ ಕ್ರಮವನ್ನು ಬ್ರಿಟನ್ನಿನ ಹೊಸ ಸಂಹಿತೆಯೂ ಸೇರಿಸಿಕೊಂಡಿದೆ. ನನ್ನ ಕಾರ್ ಲೈಸೆನ್ಸ್ ಪರೀಕ್ಷೆಯಲ್ಲಿ ಗಾಡಿ ಹಿಂದಕ್ಕೆ ತೆಗೆಯಲು ಹೇಳಿದರು, ಗೇರ್ ಬದಲಿಸಲು ಹೇಳಿದರು. ಸೈಕಲ್ ಪಕ್ಕ ಹೇಗೆ ಹಾದುಹೋಗಬೇಕು, ಬಾಗಿಲು ಹೇಗೆ ತೆರೆಯಬೇಕು ಎಂದು ಯಾರೂ ಕೇಳಲಿಲ್ಲ.

9. ಬಣ್ಣ ಬಳಿದ ಪಟ್ಟಿಯನ್ನು ನಂಬಿ ಎಚ್ಚರ ಬಿಡಬೇಡಿ

ಜಯನಗರದಲ್ಲಿ ಸೈಕಲ್ ಪಥ ಬಂತು, ಅದರ ಮೇಲೆ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಲೇನ್ ಮಾಡಿದರು. ಕೊರೊನಾ ಕಾಲದಲ್ಲಿ ಸೈಕಲ್ ಮೇಲೆ ಹೊಸದಾಗಿ ಪ್ರೀತಿ ಮೂಡಿದ್ದ ದಿನಗಳವು, ನಮಗೆಲ್ಲ ಹಬ್ಬದಂತಿತ್ತು. ನೋಡನೋಡುತ್ತ ಕಂಬಗಳು ಮುರಿದವು, ಬೈಕುಗಳು ನುಗ್ಗಿದವು, ಮೆಟ್ರೊ ಕಾಮಗಾರಿ ಬಂತು. ಸೈಕಲ್‌ಗೆಂದು ಮೀಸಲಿಟ್ಟ ಪಥದಲ್ಲಿ ಮೋಟಾರು ವಾಹನ ಓಡಿಸುವುದನ್ನು ಚಾಲನೆಯ ನಿಯಮಗಳೇ ತಡೆಯುತ್ತವೆ. ತಡೆಯುವ ಕೈ ಮಾತ್ರ ರಸ್ತೆಯಲ್ಲಿ ಕಾಣುವುದಿಲ್ಲ.

ಪಥವಿರುವ ರಸ್ತೆಯಲ್ಲಿ ವೈರ ಇನ್ನೂ ಹೆಚ್ಚುವುದನ್ನು ಕಂಡಿದ್ದೇನೆ. ಕಾರು ನಿಂತು ಪಥ ಮುಚ್ಚಿಹೋಗಿರುತ್ತದೆ, ನಾವು ಮುಖ್ಯ ರಸ್ತೆಗೆ ಬಂದರೆ "ನಿಮಗೇ ಅಂತ ಲೇನ್ ಮಾಡಿಲ್ವಾ, ಇಲ್ಯಾಕೆ ಬರ್ತೀರಾ?" ಎಂಬ ಪ್ರಶ್ನೆ. ಪಥ ಮಾಡಿದರೆ ಎತ್ತರದ ಕಟ್ಟೆ ಕಟ್ಟಿ ಬೇರ್ಪಡಿಸಿ ಮಾಡಬೇಕು, ಇಲ್ಲವೇ ರಸ್ತೆಯ ವೇಗವನ್ನೇ ಇಳಿಸಬೇಕು. ಸೈಕಲ್, ಪಾದಚಾರಿಗಳು ಗಾಡಿಗಳ ಜೊತೆ ಬೆರೆಯುವ ಕಡೆ ಗಂಟೆಗೆ 30 ಕಿಲೊಮೀಟರ್ ಮಿತಿ ಇರಲಿ ಎಂದು ರಸ್ತೆ ಸುರಕ್ಷತೆ ಕುರಿತ 2020ರ ಫೆಬ್ರವರಿಯ ಸ್ಟಾಕ್‌ಹೋಮ್ ಘೋಷಣೆ ಕೇಳಿಕೊಂಡಿತು. 30ರಿಂದ 60ಕ್ಕೆ ಏರಿದರೆ ವೇಗ ದುಪ್ಪಟ್ಟು, ಗುದ್ದಿನ ಶಕ್ತಿ ನಾಲ್ಕು ಪಟ್ಟು. ನನ್ನ ಅನುಭವದಲ್ಲಿ ವೇಗ ಇಳಿದಾಗ ಸಿಟ್ಟೂ ಇಳಿಯುತ್ತದೆ. ಮಲ್ಲೇಶ್ವರದ ಕ್ರಾಸ್ ರಸ್ತೆಗಳಲ್ಲಿ ನನ್ನನ್ನು ಬೈದವರು ಇಲ್ಲವೆನ್ನುವಷ್ಟು ಕಡಿಮೆ; ಅದೇ ಚಾಲಕರು ವರ್ತುಲ ರಸ್ತೆಯಲ್ಲಿ ಬೇರೆ ಮನುಷ್ಯರಾಗುತ್ತಾರೆ. ಹಾಗಾಗಿ ಹತ್ತು ನಿಮಿಷ ಹೆಚ್ಚಾದರೂ ಒಳರಸ್ತೆಗಳಲ್ಲೇ ನನ್ನ ದಾರಿ. ಹೊಸಬರಿಗೆ ಮೊದಲು ಕಚೇರಿಗೆ ಹೋಗುವ ಒಳದಾರಿಯ ನಕ್ಷೆ ಬರೆಸುತ್ತೇನೆ, ಸೈಕಲ್ ಆಮೇಲೆ.

10. ರಾತ್ರಿಗೆ ಹೊಳೆಯುವ ಪಟ್ಟಿ

ಹಿಂದಿನ ಕೆಂಪು ದೀಪಕ್ಕೆ ಹಣ ಹೊಂದಿಸಲಾಗದಿದ್ದರೂ ಹೊಳೆಯುವ ಸ್ಟಿಕ್ಕರ್ ಪಟ್ಟಿ ಅಗ್ಗಕ್ಕೆ ಸಿಗುತ್ತದೆ. ಹಿಂದಿನ ಮಡ್‌ಗಾರ್ಡ್, ಕ್ಯಾರಿಯರ್, ಪೆಡಲ್‌ನ ಅಂಚು, ಮೂರೂ ಕಡೆ ಅಂಟಿಸಿ. ಪೆಡಲ್ ಮೇಲಿನದು ಮೇಲೆ ಕೆಳಗೆ ಆಡುವುದರಿಂದ "ಇದು ಸೈಕಲ್" ಎಂದು ದೂರದಿಂದಲೇ ತಿಳಿಯುತ್ತದೆ. ಒಂದು ಸುರುಳಿ ತಂದು ನಮ್ಮ ಬೀದಿಗೆ ಬರುವ ಟೀ, ಪೇಪರ್, ಹೂವಿನ ಸೈಕಲ್‌ಗಳಿಗೆಲ್ಲ ಕತ್ತರಿಸಿ ಅಂಟಿಸಿದೆವು. ಪಂಕ್ಚರ್ ಅಂಗಡಿಯವರು ದುಡ್ಡು ಕೇಳದೆ ಕೈಜೋಡಿಸಿದರು. ಎದುರಿನಿಂದ ಹೈಬೀಮ್ ಬಿದ್ದರೆ ಬೆಳಕನ್ನು ದಿಟ್ಟಿಸದೆ ರಸ್ತೆಯ ಎಡ ಅಂಚನ್ನು ನೋಡುತ್ತ ನಿಧಾನಿಸಿ.

11. ನಮ್ಮವರ ತಪ್ಪನ್ನೂ ನೋಡಿ, ಕಾರಣವನ್ನೂ ನೋಡಿ

ಎದುರು ದಿಕ್ಕಿನಲ್ಲಿ ಬರುವ, ಕೆಂಪು ದೀಪ ದಾಟುವ ಸೈಕಲ್‌ಗಳಿವೆ. ನಾನು ಹಾಗೆ ಮಾಡುವುದಿಲ್ಲ, ಮಾಡಬೇಡಿ ಎಂದೇ ಹೇಳುತ್ತೇನೆ. ಎದುರಿನಿಂದ ಬರುವ ಸೈಕಲ್‌ಗೂ ಗಾಡಿಗೂ ಡಿಕ್ಕಿಯಾದರೆ ಎರಡರ ವೇಗವೂ ಕೂಡಿಕೊಳ್ಳುತ್ತದೆ. ಆದರೆ ಒಂದು ಕಿಲೊಮೀಟರ್‌ವರೆಗೂ ತಿರುವಿಲ್ಲದ ಡಿವೈಡರ್ ಕಟ್ಟಿ, ಕೂಲಿ ಮುಗಿಸಿ ಬಂದವರಿಗೆ ಸುತ್ತಿ ಬಾ ಎಂದರೆ ಅವರ ಕಾಲು ಕೇಳುವುದಿಲ್ಲ. ಕಾರಿಗೆ ಆ ಸುತ್ತು ಎರಡು ನಿಮಿಷ, ದಣಿದ ಮೊಣಕಾಲಿಗೆ ಹತ್ತು.

12. ಮಾತಿಗೆ ಮಾತು ಬೆಳೆಸಬೇಡಿ, ನಂಬರ್ ಬರೆದುಕೊಳ್ಳಿ

ಬಾನೆಟ್ ಮೇಲೆ ಗುದ್ದುವುದು, ಬೆನ್ನಟ್ಟಿ ಹೋಗಿ ಸಿಗ್ನಲ್‌ನಲ್ಲಿ ಜಗಳ ತೆಗೆಯುವುದು, ಇವುಗಳಿಂದ ಒಳ್ಳೆಯದಾದದ್ದನ್ನು ನಾನು ಕಂಡಿಲ್ಲ. ಅವರ ಕೈಯಲ್ಲಿ ಒಂದು ಟನ್ ಕಬ್ಬಿಣವಿದೆ. ನಿಧಾನಿಸಿ, ಮುಂದೆ ಹೋಗಲು ಬಿಡಿ, ನಂಬರ್, ಬಣ್ಣ, ಜಾಗ, ಹೊತ್ತು ಫೋನಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳಿ.

ಬೇಕಂತಲೇ ಒರೆಸಿಕೊಂಡು ಹೋದರೆ ಅದು ಅಪರಾಧ. ಅಪಾಯಕಾರಿ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡವಿದೆ, ಸೆರೆವಾಸಕ್ಕೂ ಅವಕಾಶವಿದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ದುಡುಕಿನ ಚಾಲನೆಯ ಕುರಿತದ್ದು, 125ನೆಯದು ಇತರರ ಜೀವಕ್ಕೆ ಅಪಾಯ ತರುವ ಕೃತ್ಯದ್ದು. ಒಂದು ಠಾಣೆಯಲ್ಲಿ ನನ್ನನ್ನು "ನೀವ್ಯಾಕೆ ಮೇಡಂ ಆ ರೋಡಿಗೆ ಸೈಕಲ್ ತಗೊಂಡು ಹೋದ್ರಿ?" ಎಂದು ಕೇಳಿದ್ದರು. ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆದೇ ಎದ್ದೆ. ಎಲ್ಲರಿಗೂ ಹಾಗೆ ಕೂರಲು ಆಗುವುದಿಲ್ಲ ಎಂಬುದು ಗೊತ್ತು. ಒಂದು ದಿನ ಠಾಣೆಯಲ್ಲಿ ಕೂತರೆ ಒಂದು ದಿನದ ಕೂಲಿ ಹೋಗುವವರ ಜೊತೆಗೆ ಓದುಬರಹ ಬಲ್ಲ ನಾವು ಹೋಗಿ ಕೂರಬೇಕು.

13. ಗುದ್ದಿ ಓಡಿಹೋದರೂ ಪರಿಹಾರವಿದೆ. ಅದು ಗೊತ್ತಿರಬೇಕಾದವರಿಗೆ ಗೊತ್ತಿಲ್ಲ

ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡುವುದು, ಪೊಲೀಸರಿಗೆ ತಿಳಿಸುವುದು ಚಾಲಕರ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಹೇಳುತ್ತದೆ. ಓಡಿಹೋಗಿ, ಗಾಡಿ ಯಾವುದೆಂದೇ ತಿಳಿಯದಿದ್ದರೆ? 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಾದರೆ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ. ಮೊದಲು ಇದು 25,000 ಮತ್ತು 12,500 ಇತ್ತು. ಅರ್ಜಿ ಕೊಡಬೇಕಾದದ್ದು ಅಪಘಾತವಾದ ಜಾಗದ ಕಂದಾಯ ಉಪವಿಭಾಗದ ಅಧಿಕಾರಿಗೆ. ಗಾಡಿ ಗೊತ್ತಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ. ಎತ್ತಿ ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. 134-ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ.

ಇವನ್ನೆಲ್ಲ ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ನಕಲು ತೆಗೆಸಿ, ನಮ್ಮ ಸುತ್ತಲಿನ ಪಂಕ್ಚರ್ ಅಂಗಡಿಗಳಲ್ಲಿ ಅಂಟಿಸಿದ್ದೇವೆ. ಆಸ್ಪತ್ರೆಯಲ್ಲಿ ಮೊದಲು ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಎಂದು ಬರೆಸಿ. ಎಫ್‌ಐಆರ್ ಪ್ರತಿ ಕೇಳಿ ತೆಗೆದುಕೊಳ್ಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮುರಿದ ಸೈಕಲ್ಲನ್ನು ಫೋಟೊ ತೆಗೆಯುವ ಮುಂಚೆ ಗುಜರಿಗೆ ಹಾಕಬೇಡಿ. ಔಷಧಿ ಚೀಟಿ, ಬಿಲ್ಲು ಒಂದೂ ಬಿಸಾಡಬೇಡಿ. ಓದಲು ಬಾರದವರಿಗೆ ಅಂಗಡಿಯವರೇ ಗಾಳಿ ತುಂಬುತ್ತ ಓದಿ ಹೇಳುತ್ತಾರೆ. ನಿಮ್ಮ ಬೀದಿಯ ಅಂಗಡಿಗೂ ಇಂಥದೊಂದು ಹಾಳೆ ಬೇಕಾಗಬಹುದು. ಮೇಲಿನ ಒಕ್ಕಣೆಯನ್ನೇ ಇಳಿಸಿಕೊಂಡರೂ ಆದೀತು.